ಆರೋಪಿ ಪರ ನಿಲ್ಲುವುದನ್ನು ಕಲಿಸುವುದು ಹೇಗೆ: ಲಾ ಕಾಲೇಜಿನ ಕ್ರಿಮಿನಲ್ ಕ್ಲಿನಿಕ್‌ಗೆ ಸಮಗ್ರ ಮಾರ್ಗದರ್ಶಿ

ಜೈಲಿನಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಎದುರಾದ ಮೊದಲ ಪ್ರಶ್ನೆ ಸಂವಿಧಾನದ ಬಗ್ಗೆ ಇರಲಿಲ್ಲ. "ಮೇಡಂ, ನನ್ನ ಮುಂದಿನ ತಾರೀಖು ಯಾವತ್ತು?" ಅಷ್ಟೇ. ಕೇಳಿದವರಿಗೆ ನಲವತ್ತರ ಮೇಲೆ ವಯಸ್ಸು, ಗಾರೆ ಕೆಲಸದವರು. ಎದುರಿಗೆ ಕೂತಿದ್ದ ಹುಡುಗಿ ಮೂಟ್ ಕೋರ್ಟ್‌ನಲ್ಲಿ (ಅಣಕು ನ್ಯಾಯಾಲಯದಲ್ಲಿ) ಬಹುಮಾನ ಗೆದ್ದವಳು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ತೀರ್ಪುಗಳನ್ನು ಗಟಗಟ ಹೇಳುವವಳು. ಅವಳಿಗೆ ಉತ್ತರ ಗೊತ್ತಿರಲಿಲ್ಲ. ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಿರಲಿಲ್ಲ. ಅದು ಅವಳ ತಪ್ಪಲ್ಲ, ನಾವು ಕಲಿಸಿರಲಿಲ್ಲ.

ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ತಪ್ಪು ಸಾಬೀತಾಗದೆಯೇ ಒಳಗಿರುವವರು. ಇತ್ತ ಲಾ ಕಾಲೇಜು ಮುಗಿಸುವ ಎಷ್ಟೋ ಮಕ್ಕಳು ಒಂದೇ ಒಂದು ಚಾರ್ಜ್‌ಶೀಟನ್ನೂ ಮೊದಲಿಂದ ಕೊನೆವರೆಗೆ ಓದಿರುವುದಿಲ್ಲ. ಈ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಕೆಲಸ ಕ್ಲಿನಿಕ್‌ನದು. ಕ್ಲಿನಿಕ್ ಅಂದರೆ ವಿದ್ಯಾರ್ಥಿಗಳು ವಕೀಲರ ಕೈಕೆಳಗೆ ನಿಜವಾದ ಕೇಸುಗಳ ಕೆಲಸ ಮಾಡುತ್ತಾ ಕಲಿಯುವ ಕಾಲೇಜಿನ ಘಟಕ. ಬ್ಯಾನರ್ ಕಟ್ಟಿ, ಜಾಥಾ ಮಾಡಿ, ಫೋಟೊ ತೆಗೆಸಿಕೊಂಡು ಬರುವ ಕಾನೂನು ಅರಿವು ಶಿಬಿರ ಬೇರೆ, ಇದು ಬೇರೆ. ಇಲ್ಲಿ ವಿದ್ಯಾರ್ಥಿಯ ಕೈಯಲ್ಲಿ ನಿಜವಾದ ಮನುಷ್ಯರೊಬ್ಬರ ಫೈಲು ಇರುತ್ತದೆ. ಅದರ ಭಾರ ವಿದ್ಯಾರ್ಥಿಗೆ ಗೊತ್ತಾಗಬೇಕು. ಆದರೆ ಅವರ ಕಲಿಕೆಗೆ ಆ ಮನುಷ್ಯ ಬೆಲೆ ತೆರಬಾರದು. ಮುಂದೆ ಹೇಳುವುದೆಲ್ಲ ಈ ಎರಡು ಮಾತುಗಳ ಮೇಲೆಯೇ ನಿಂತಿದೆ.

1. ಗೆರೆ ಎಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ

ವಿದ್ಯಾರ್ಥಿ ಕೋರ್ಟಿನಲ್ಲಿ ವಾದ ಮಾಡುವ ಹಾಗಿಲ್ಲ. 1961ರ ವಕೀಲರ ಕಾಯ್ದೆ ಪ್ರಕಾರ ಸನ್ನದು ಪಡೆದವರಿಗೆ ಮಾತ್ರ ಆ ಹಕ್ಕು. ಅಮೆರಿಕದ ಕಾಲೇಜುಗಳ ಕ್ಲಿನಿಕ್‌ಗಳಲ್ಲಿ ವಿದ್ಯಾರ್ಥಿಯೇ ಹಿರಿಯ ವಕೀಲರ ಪಕ್ಕ ನಿಂತು ನ್ಯಾಯಾಧೀಶರ ಮುಂದೆ ಮಾತಾಡಬಹುದು, ಅದಕ್ಕೆ ಅಲ್ಲಿ ಬೇರೆ ನಿಯಮಗಳಿವೆ. ಆ ಮಾದರಿಯನ್ನು ಇಲ್ಲಿಗೆ ತಂದು ಕೂರಿಸಲು ಹೋಗಬೇಡಿ. ಪೂರ್ಣಾವಧಿ ಸಂಬಳದ ಮೇಷ್ಟ್ರೂ ವಕಾಲತ್ತು ಹಾಕುವ ಹಾಗಿಲ್ಲ. ಹಾಗಾಗಿ ಕ್ರಿಮಿನಲ್ ಪ್ರಾಕ್ಟೀಸ್ ಮಾಡುವ ವಕೀಲರೊಬ್ಬರು ಜೊತೆಗಿಲ್ಲದೆ ಕ್ಲಿನಿಕ್ ಶುರು ಮಾಡಲೇಬೇಡಿ.

ಅವರನ್ನು ಹುಡುಕಲು ದೂರ ಹೋಗಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗಬೇಕು, ಆದಾಯ ಎಷ್ಟು ಅಂತ ನೋಡುವ ಹಾಗಿಲ್ಲ. ಅದೇ ಕಾಯ್ದೆ ಲಾ ಕಾಲೇಜುಗಳಲ್ಲಿ ಕ್ಲಿನಿಕ್ ಬೆಳೆಸಬೇಕು ಅಂತಲೂ ಹೇಳುತ್ತದೆ. 2022ರಿಂದ ಹಂತಹಂತವಾಗಿ ಜಿಲ್ಲೆಗಳಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ಶುರುವಾಗಿವೆ. ಆರೋಪಿಗಳ ಪರ ಕೆಲಸ ಮಾಡುವುದೇ ಅಲ್ಲಿನ ವಕೀಲರ ಕೆಲಸ. ಅವರ ಮೇಜಿನ ಮೇಲೆ ಫೈಲುಗಳು ರಾಶಿ ಬಿದ್ದಿರುತ್ತವೆ, ಕೈ ಸಾಲುವುದಿಲ್ಲ. ನಿಮ್ಮ ಮಕ್ಕಳಿಗೆ ಕೈ ಇದೆ, ಫೈಲಿಲ್ಲ.

ಪ್ರಾಂಶುಪಾಲರಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ಒಂದು ಪತ್ರ ಬರೆಸಿ. ಪತ್ರ ಕಳಿಸಿ ಸುಮ್ನೆ ಕೂರಬೇಡಿ, ನೀವೇ ಹೋಗಿ ಕಾಣಿ. ಮೂರು ವಿಷಯ ಬರಹದಲ್ಲಿ ಇರಲಿ: ಯಾವ ವಕೀಲರ ಕೈಕೆಳಗೆ ಕೆಲಸ, ಯಾವ ವಿದ್ಯಾರ್ಥಿಗಳು, ವಾರದಲ್ಲಿ ಯಾವ ದಿನ ಜೈಲಿಗೆ ಭೇಟಿ. ಕಾನೂನು ವಿದ್ಯಾರ್ಥಿಗಳನ್ನು ಅರೆ ಕಾನೂನು ಸ್ವಯಂಸೇವಕರಾಗಿ ತೆಗೆದುಕೊಳ್ಳಲು ಅವಕಾಶ ಇದೆ, ಅದನ್ನೂ ಕೇಳಿ. ಆ ಗುರುತಿನ ಚೀಟಿ ಜೈಲಿನ ಗೇಟಿನಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ಜೈಲು ಅಧೀಕ್ಷಕರ ಅನುಮತಿ ಬೇರೆಯೇ ಬೇಕು. ಇದಕ್ಕೆಲ್ಲ ಸೆಮಿಸ್ಟರ್ ಶುರುವಾಗುವ ಎರಡು ತಿಂಗಳ ಮೊದಲೇ ಓಡಾಟ ಶುರು ಮಾಡಿ.

2. ಕಡಿಮೆ ಮಕ್ಕಳು, ಚಿಕ್ಕ ಕೇಸು

ಮೊದಲ ವರ್ಷ ಎಂಟು ವಿದ್ಯಾರ್ಥಿಗಳು ಸಾಕು. ಇಬ್ಬಿಬ್ಬರಿಗೆ ಒಂದು ಫೈಲು. ಅರವತ್ತು ಜನರ ಕ್ಲಿನಿಕ್ ಅಂದರೆ ಅದು ಇನ್ನೊಂದು ತರಗತಿ ಅಷ್ಟೇ. ಕೊಲೆ ಕೇಸಿನ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ಬದಿಗಿಡಿ. ಮ್ಯಾಜಿಸ್ಟ್ರೇಟ್ ಕೋರ್ಟಿನ ಕಳ್ಳತನ, ಹೊಡೆದಾಟದ ಕೇಸುಗಳಲ್ಲಿ ಜಾಮೀನಿಲ್ಲದೆ ಒಳಗಿರುವವರಿಂದ ಶುರು ಮಾಡಿ. ಕೆಲಸ ಸೆಮಿಸ್ಟರಿನ ಒಳಗೆ ಕಣ್ಣಿಗೆ ಕಾಣುತ್ತದೆ, ಬೇಕಾದ ಕಾನೂನು ಹಿಡಿತಕ್ಕೆ ಸಿಗುತ್ತದೆ.

ಹೊಸ ಕೋರ್ಸಿಗೆ ಮಂಜೂರಾತಿ ಬೇಕಲ್ಲ ಅಂತ ಹೆದರಬೇಡಿ. ಬಾರ್ ಕೌನ್ಸಿಲ್‌ನ 2008ರ ನಿಯಮಗಳಲ್ಲಿ ಮೂಟ್ ಕೋರ್ಟ್ ಮತ್ತು ಇಂಟರ್ನ್‌ಶಿಪ್ ಪತ್ರಿಕೆ ಕಡ್ಡಾಯವಾಗಿ ಇದ್ದೇ ಇದೆ. ಅದರಲ್ಲಿ ವಿಚಾರಣೆ ನೋಡಿ ಬರೆಯಲು 30 ಅಂಕ, ಕಕ್ಷಿದಾರರ ಜೊತೆ ಮಾತುಕತೆ ಮತ್ತು ವಿಚಾರಣೆಗೆ ಮುಂಚಿನ ತಯಾರಿಗೆ 30 ಅಂಕ. ಆ 60 ಅಂಕದ ಕೆಲಸ ಎಷ್ಟೋ ಕಡೆ ಹಿರಿಯರ ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡುವುದರಲ್ಲೇ ಮುಗಿಯುತ್ತದೆ. ಕ್ಲಿನಿಕ್ಕನ್ನು ಅಲ್ಲಿಗೆ ಜೋಡಿಸಿ.

3. ಮೊದಲು ಹಳೆಯ ಫೈಲು ಓದಿಸಿ

ನಿಜವಾದ ಆರೋಪಿಯ ಮುಂದೆ ಕೂರಿಸುವ ಮೊದಲು ಐದಾರು ವಾರ ತಯಾರಿ ಬೇಕು. ಅದರಲ್ಲಿ ಅರ್ಧ ಸಮಯ ಓದುವುದಕ್ಕೇ ಹೋಗಲಿ. ವಕೀಲರಿಂದ ತೀರ್ಮಾನವಾಗಿ ಮುಗಿದ ಒಂದು ಚಾರ್ಜ್‌ಶೀಟ್ ತರಿಸಿ, ಹೆಸರು ವಿಳಾಸ ಎಲ್ಲ ಮರೆಮಾಡಿ, ಎಲ್ಲರಿಗೂ ಒಂದೊಂದು ಪ್ರತಿ ಕೊಡಿ.

ಇಲ್ಲೊಂದು ಖುಷಿಯ ವಿಷಯ ಹೇಳಬೇಕು. ನಮ್ಮ ಕೆಳಗಿನ ಕೋರ್ಟುಗಳ ಪೊಲೀಸ್ ಕಾಗದಗಳೆಲ್ಲ ಕನ್ನಡದಲ್ಲಿರುತ್ತವೆ. "ಸದರಿ ಆಸಾಮಿಯು ಪಂಚರ ಸಮಕ್ಷಮ ತೋರಿಸಿಕೊಟ್ಟ ಮೇರೆಗೆ" ಎಂಬಂಥ ಅರ್ಧ ಪುಟದ ವಾಕ್ಯಗಳು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಬಿಡದ ಕನ್ನಡ ಮಾಧ್ಯಮದ ಹುಡುಗ ಇಲ್ಲಿ ಮುಂದೆ ಬರುತ್ತಾನೆ. ಇಂಗ್ಲಿಷಿನಲ್ಲಿ ಚುರುಕಾಗಿರುವವರು ಅವನ ಪಕ್ಕ ಕೂತು ಓದಿಸಿಕೊಳ್ಳುತ್ತಾರೆ. ಜೋಡಿ ಮಾಡುವಾಗ ಇದನ್ನು ನೆನಪಿಡಿ: ಕನ್ನಡ ಓದಿ ಸೀಳಬಲ್ಲವರು ಒಬ್ಬರು, ತೀರ್ಪು ಹುಡುಕಬಲ್ಲವರು ಒಬ್ಬರು.

ಓದಿಸುವ ಬಗೆ ಹೀಗೆ. ಮೊದಲು ಕಾನೂನಿನ ಮಾತೇ ಬೇಡ. ಒಂದು ಉದ್ದನೆಯ ಹಾಳೆಯಲ್ಲಿ ಗೆರೆ ಎಳೆಸಿ, ದಿನ ಮತ್ತು ಗಂಟೆ ಬರೆಸುತ್ತಾ ಹೋಗಿ. ಘಟನೆ ಯಾವಾಗ, ದೂರು ಯಾವಾಗ, ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ತಲುಪಿದ್ದು ಯಾವಾಗ, ಬಂಧನ ಎಷ್ಟು ಗಂಟೆಗೆ, ಮಹಜರು (ಪಂಚರ, ಅಂದರೆ ಸಾಕ್ಷಿಗಳ, ಎದುರು ಸ್ಥಳದಲ್ಲೇ ಪೊಲೀಸರು ಬರೆಯುವ ಪತ್ರ) ಎಷ್ಟರಿಂದ ಎಷ್ಟು ಗಂಟೆಯವರೆಗೆ. ಒಂದು ಸಲ ಹೀಗೆ ಬರೆಸುವಾಗ ವಿದ್ಯಾರ್ಥಿಯೊಬ್ಬ ಪೆನ್ನು ನಿಲ್ಲಿಸಿದ. ಬಂಧನದ ಪತ್ರದಲ್ಲಿ ಸಂಜೆ 5 ಗಂಟೆ. ಆರೋಪಿಯನ್ನು ಕರೆದುಕೊಂಡು ಹೋಗಿ ವಸ್ತು ವಶಪಡಿಸಿಕೊಂಡ ಮಹಜರಿನಲ್ಲಿ ಅದೇ ದಿನ ಮಧ್ಯಾಹ್ನ 3 ಗಂಟೆ. ಹಾಗಾದರೆ 3 ಗಂಟೆಗೆ ಆ ಮನುಷ್ಯ ಯಾರ ವಶದಲ್ಲಿದ್ದ? ಈ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಅವನೇ ಕೇಳಿದ. ಒಂದು ತಿಂಗಳ ಪಾಠ ಆ ಐದು ನಿಮಿಷದಲ್ಲಿ ಆಯಿತು.

ಆಮೇಲೆ ಸ್ವ-ಇಚ್ಛಾ ಹೇಳಿಕೆಗೆ, ಅಂದರೆ ಆರೋಪಿ ತಾನಾಗಿಯೇ ಕೊಟ್ಟದ್ದು ಅಂತ ಪೊಲೀಸರು ಬರೆದುಕೊಂಡ ಹೇಳಿಕೆಗೆ ಬನ್ನಿ. ನಮ್ಮ ಕಳ್ಳತನದ ಚಾರ್ಜ್‌ಶೀಟುಗಳಲ್ಲಿ ಇದು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಮೊದಲ ಸಲ ಓದುವ ವಿದ್ಯಾರ್ಥಿ "ಅವರೇ ಒಪ್ಪಿಕೊಂಡಿದ್ದಾರಲ್ಲ ಸಾರ್" ಅಂತ ಫೈಲು ಮುಚ್ಚಿಬಿಡುತ್ತಾರೆ. ಆಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ತೆಗೆಸಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಆ ಹೇಳಿಕೆಯಿಂದ ಹೊಸದಾಗಿ ಏನಾದರೂ ಪತ್ತೆಯಾಗಿದ್ದರೆ, ಆ ಪತ್ತೆಗೆ ನೇರ ಸಂಬಂಧಪಟ್ಟ ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೇಳಿಕೆಯಲ್ಲಿ ಆ ಭಾಗ ಯಾವುದು ಅಂತ ಪೆನ್ಸಿಲಿನಲ್ಲಿ ಗೆರೆ ಹಾಕಿಸಿ. ಎರಡು ಪುಟದ ಹೇಳಿಕೆಯಲ್ಲಿ ಒಂದೂವರೆ ಸಾಲು ಉಳಿಯುತ್ತದೆ. ಆ ಜಾಗದಲ್ಲಿ ವಸ್ತು ಇದೆ ಅಂತ ಪೊಲೀಸರಿಗೆ ಮೊದಲೇ ಗೊತ್ತಿತ್ತು ಅಂತ ಬೇರೆ ಕಾಗದ ತೋರಿಸಿದರೆ ಅದೂ ಉಳಿಯುವುದು ಕಷ್ಟ.

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಿವೆ: ಅಪರಾಧ ಮತ್ತು ಶಿಕ್ಷೆಗೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ), ಪೊಲೀಸ್ ಮತ್ತು ಕೋರ್ಟಿನ ಕ್ರಮಕ್ಕೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಸಾಕ್ಷ್ಯಕ್ಕೆ ಮೇಲೆ ಹೇಳಿದ ಅಧಿನಿಯಮ. ಬಿಎನ್‌ಎಸ್‌ಎಸ್‌ನ 105ನೇ ಕಲಂ ಪ್ರಕಾರ ಶೋಧನೆ ಮತ್ತು ವಶಪಡಿಸಿಕೊಳ್ಳುವ ಕ್ರಿಯೆಯನ್ನು ವಿಡಿಯೊ ಮಾಡಬೇಕು. ಫೈಲಿನಲ್ಲಿ ಅದರ ಉಲ್ಲೇಖ ಇದೆಯಾ? ಇಲ್ಲದಿದ್ದರೆ ಅದನ್ನು ಬರೆದಿಡಿಸಿ. ಮಹಜರಿನ ಪಂಚರು ಆ ಬೀದಿಯವರಾ, ಬೇರೆ ಊರಿನವರಾ? ಅದನ್ನೂ ಬರೆದಿಡಿಸಿ. ಮುಂದೆ ವಕೀಲರು ಪಾಟಿ ಸವಾಲಿಗೆ ಎದ್ದು ನಿಂತಾಗ ಈ ಟಿಪ್ಪಣಿಯೇ ಕೈಯಲ್ಲಿರುವುದು.

4. ಆರೋಪಿಯನ್ನು ಕಾಣುವುದು

ಮಾತು ಹೇಗೆ ಶುರು ಮಾಡಬೇಕು ಅನ್ನುವುದನ್ನು ಕ್ಲಾಸಿನಲ್ಲೇ ಆಡಿಸಿ ನೋಡಿ. ಒಬ್ಬರು ಆರೋಪಿ, ಒಬ್ಬರು ವಿದ್ಯಾರ್ಥಿ, ಉಳಿದವರು ನೋಡಲಿ. ಪ್ರತಿ ಸಲವೂ ಒಂದೇ ತಪ್ಪು ಕಾಣುತ್ತದೆ: ಕೂತ ಕೂಡಲೇ "ಏನಾಯ್ತು ಹೇಳಿ" ಅಂತ ಕೇಸಿಗೆ ನುಗ್ಗುವುದು.

"ನೀನು" ಬೇಡ, ಯಾವ ಕಾರಣಕ್ಕೂ ಬೇಡ. ಬಂಧನವಾದಾಗಿನಿಂದ ಅವರನ್ನು "ಏನೋ", "ಬಾರೋ" ಅಂದವರೇ ಜಾಸ್ತಿ. ನಿಮ್ಮ ವಿದ್ಯಾರ್ಥಿ "ನೀವು" ಅಂದಾಗ, "ಅಣ್ಣ, ಕೂತ್ಕೊಳ್ಳಿ" ಅಂದಾಗ ಮುಖ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎರಡನೇ ಮಾತು ಇದಾಗಿರಲಿ: "ನಾನು ವಕೀಲೆ ಅಲ್ಲ, ಕಾನೂನು ಓದ್ತಿದ್ದೀನಿ. ನಿಮ್ಮ ವಕೀಲರಿಗೆ ಸಹಾಯ ಮಾಡ್ತೀನಿ. ನೀವು ಹೇಳಿದ್ದು ಅವರಿಗೆ ಬಿಟ್ಟು ಬೇರೆ ಯಾರಿಗೂ ಹೋಗಲ್ಲ." ಅವರು ಹೇಗೂ "ಲಾಯರ್ ಸಾರ್" ಅಂತಲೇ ಕರೆಯುತ್ತಾರೆ. ಪ್ರತಿ ಭೇಟಿಯಲ್ಲೂ ತಿದ್ದಬೇಕು.

ಬೇರೆ ಯಾರಿಗೂ ಹೋಗಲ್ಲ ಅನ್ನುವ ಆ ಮಾತನ್ನು ಹೇಳುವ ಮೊದಲು ಅದು ನಿಜವಾಗುವಂತೆ ನೀವು ನೋಡಿಕೊಳ್ಳಬೇಕು. ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕೊಡುವ ರಕ್ಷೆ ವಕೀಲರಿಗೆ, ಅವರ ದುಭಾಷಿಗೆ, ಗುಮಾಸ್ತರಿಗೆ, ನೌಕರರಿಗೆ. ವಿದ್ಯಾರ್ಥಿ ಎಂಬ ಪದ ಅಲ್ಲಿಲ್ಲ. ಹಾಗಾಗಿ ವಿದ್ಯಾರ್ಥಿ ಆ ವಕೀಲರ ಕೈಕೆಳಗೆ, ಅವರ ಕೆಲಸಕ್ಕಾಗಿಯೇ ಹೋಗುತ್ತಿದ್ದಾರೆ ಅನ್ನುವುದು ಕಾಗದದಲ್ಲಿ ಇರಲಿ. ಘಟನೆಯ ಬಗ್ಗೆ ಆಳವಾದ ಮಾತುಕತೆ ವಕೀಲರು ಎದುರಿಗಿದ್ದಾಗ ಮಾತ್ರ ನಡೆಯಲಿ. ಫೈಲಿನ ಫೋಟೊ ವಾಟ್ಸಾಪಿಗೆ ಹೋಗಬಾರದು. ಬಸ್ಸಿನಲ್ಲಿ ಕೇಸಿನ ಮಾತು ಬೇಡ. ಹಾಸ್ಟೆಲಿನ ಗೆಳೆಯರಿಗೂ ಹೇಳುವ ಹಾಗಿಲ್ಲ.

ವಿದ್ಯಾರ್ಥಿಗಳೇ ಕೇಳಬಹುದಾದದ್ದು ಬೇಕಾದಷ್ಟಿದೆ. ಮನೆಯಲ್ಲಿ ಯಾರಿದ್ದಾರೆ, ಒಳಗಿರುವುದು ಅವರಿಗೆ ಗೊತ್ತಾ, ಕೆಲಸ ಏನು, ಯಾವ ಊರು, ಕಾಯಿಲೆ ಏನಾದರೂ ಇದೆಯಾ, ಮಾತ್ರೆ ಸಿಗುತ್ತಿದೆಯಾ, ಹಿಂದೆ ಕೇಸು ಇತ್ತಾ, ಜಾಮೀನಿಗೆ ಯಾರು ನಿಲ್ಲಬಹುದು. ಯಾವ ಭಾಷೆ ಸಲೀಸು ಅಂತಲೂ ಕೇಳಲಿ. ಲಂಬಾಣಿ, ತುಳು, ಉರ್ದು, ತೆಲುಗು ಬರುವ ವಿದ್ಯಾರ್ಥಿ ನಿಮ್ಮ ಕಾಲೇಜಿನಲ್ಲೇ ಸಿಗುತ್ತಾರೆ. ವಯಸ್ಸನ್ನು ಮಾತ್ರ ಎರಡು ಸಲ ಕೇಳಲಿ. ಘಟನೆಯ ದಿನ 18 ತುಂಬಿರಲಿಲ್ಲ ಅಂತಾದರೆ ಇಡೀ ಕೇಸು ಬಾಲ ನ್ಯಾಯ ಮಂಡಳಿಗೆ ಹೋಗಬೇಕು. ಪೊಲೀಸ್ ಕಾಗದದಲ್ಲಿ ಬರೆದ ವಯಸ್ಸನ್ನು ನಂಬಬೇಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೋ ಶಾಲೆಯ ದಾಖಲೆಯನ್ನೋ ತರಿಸಿ ನೋಡಿ.

ಮುಂದಿನ ತಾರೀಖು ಯಾವತ್ತು ಅನ್ನುವುದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ನೋಡಿ ಚೀಟಿಯಲ್ಲಿ ಬರೆದುಕೊಂಡೇ ಒಳಗೆ ಹೋಗಲಿ. ಮೊಬೈಲು ಗೇಟಿನಲ್ಲೇ ಉಳಿಯುತ್ತದೆ.

5. ಜಾಮೀನು: ಲೆಕ್ಕ ಹಾಕಲು ಕಲಿಸಿ

ಕ್ಲಿನಿಕ್‌ನ ಅತಿ ಮುಖ್ಯ ಪಾಠ ಇದು. ಕ್ಯಾಲೆಂಡರ್ ಇಟ್ಟುಕೊಂಡೇ ಮಾಡಬೇಕು.

ಒಂದು ಉದಾಹರಣೆ. ಹಗಲು ಹೊತ್ತು ಮನೆಯಲ್ಲಿ ಕಳ್ಳತನ, ಬಿಎನ್‌ಎಸ್ 305ನೇ ಕಲಂ, 7 ವರ್ಷದವರೆಗೆ ಶಿಕ್ಷೆ. ಮ್ಯಾಜಿಸ್ಟ್ರೇಟರು ಮೊದಲ ಸಲ ರಿಮಾಂಡ್ ಮಾಡಿದ್ದು (ಕಸ್ಟಡಿಗೆ ಒಪ್ಪಿಸಿದ್ದು) ಜೂನ್ 1. ಬಿಎನ್‌ಎಸ್‌ಎಸ್ 187ರ ಪ್ರಕಾರ ಇಂಥ ಕೇಸಿನಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ ಬರಬೇಕು. ಎಣಿಕೆ ಎಲ್ಲಿಂದ? ಬಂಧನದ ದಿನದಿಂದ ಅಲ್ಲ, ರಿಮಾಂಡ್ ದಿನದಿಂದ. ಆ ದಿನವನ್ನೂ ಸೇರಿಸಿಯೇ ಎಣಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹಾಗಾದರೆ ಜುಲೈ 30ಕ್ಕೆ 60 ದಿನ ಮುಗಿಯಿತು. ಜುಲೈ 31ರ ಬೆಳಗ್ಗೆ ಚಾರ್ಜ್‌ಶೀಟ್ ಬಂದಿಲ್ಲ ಅಂದರೆ ಜಾಮೀನು ಆರೋಪಿಯ ಹಕ್ಕು. ಆದರೆ ಚಾರ್ಜ್‌ಶೀಟ್ ಬೀಳುವ ಮೊದಲೇ ಅರ್ಜಿ ಹಾಕಿರಬೇಕು. ಒಂದು ದಿನ ತಡವಾದರೆ ಹಕ್ಕು ಕೈ ತಪ್ಪಬಹುದು. ವಿದ್ಯಾರ್ಥಿಗಳು ತಮ್ಮ ಫೈಲಿನ ಮುಖಪುಟದ ಮೇಲೆ ಈ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆಯಲಿ. ಅರ್ಜಿಯ ಕರಡು 55ನೇ ದಿನಕ್ಕೆ ವಕೀಲರ ಮೇಜಿನ ಮೇಲಿರಲಿ. ಕಲಂ ಬದಲಾದರೆ 60 ಹೋಗಿ 90 ಆಗಬಹುದು, ಆದ್ದರಿಂದ ಗರಿಷ್ಠ ಶಿಕ್ಷೆ ಎಷ್ಟು ಅಂತ ಅವರೇ ಪುಸ್ತಕ ತೆರೆದು ನೋಡಲಿ.

ಇನ್ನೊಂದು ಲೆಕ್ಕ ಬಿಎನ್‌ಎಸ್‌ಎಸ್ 479ನೇ ಕಲಂನದು. ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೇ ಕಳೆದಿದ್ದರೆ ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಶಿಕ್ಷೆಯಾಗಿರದವರಿಗೆ ಮೂರನೇ ಒಂದು ಭಾಗ ಸಾಕು. ಮೇಲಿನ ಉದಾಹರಣೆಯಲ್ಲಿ 7 ವರ್ಷದ ಮೂರನೇ ಒಂದು ಅಂದರೆ 2 ವರ್ಷ 4 ತಿಂಗಳು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಸಲ್ಲದು. ಒಂದಕ್ಕಿಂತ ಹೆಚ್ಚು ಕೇಸುಗಳಿದ್ದರೂ ತೊಡಕಿದೆ. ಹೊಸ ಕಾನೂನು ಬರುವ ಮೊದಲಿನ ಕೇಸುಗಳಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿತು. ಅರ್ಜಿ ಹಾಕಬೇಕಾದವರು ಜೈಲು ಅಧೀಕ್ಷಕರು. ಆದರೆ ಪಟ್ಟಿ ಹಿಡಿದು ಒಬ್ಬೊಬ್ಬರದೇ ಲೆಕ್ಕ ಹಾಕಿ ಪ್ರಾಧಿಕಾರಕ್ಕೆ ಕೊಡುವ ಕೆಲಸವನ್ನು ವಿದ್ಯಾರ್ಥಿಗಳು ಚೆನ್ನಾಗಿ ಮಾಡಬಲ್ಲರು.

ಜಾಮೀನು ಸಿಕ್ಕಿತು ಅಂತ ಯಾರೂ ಚಪ್ಪಾಳೆ ತಟ್ಟಬೇಡಿ, ಆ ಮನುಷ್ಯ ಇನ್ನೂ ಒಳಗೇ ಇದ್ದಾರೆ. ಜಾಮೀನುದಾರರು ಬೇಕು, ಅವರ ಹೆಸರಿನಲ್ಲಿ ಪಹಣಿ ಬೇಕು, ಆಧಾರ್ ಬೇಕು, ಒಂದು ದಿನದ ಕೂಲಿ ಬಿಟ್ಟು ಅವರು ಕೋರ್ಟಿಗೆ ಬರಬೇಕು. ಬಿಹಾರದಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಕೂಲಿಗೆ ಬಂದವರಿಗೆ ಪಹಣಿ ಇರುವ ಪರಿಚಯದವರು ಎಲ್ಲಿಂದ ಸಿಗಬೇಕು? 1978ರ ಮೋತಿರಾಮ್ ಪ್ರಕರಣವನ್ನು ಇಲ್ಲಿ ಓದಿಸಿ. ಅವರೂ ಗಾರೆ ಕೆಲಸದವರು. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದ್ದರು, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಿರಲಿಲ್ಲ. ಅದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಷ್ಟು ವರ್ಷದ ಮೇಲೂ ಆ ತೀರ್ಪನ್ನು ಅರ್ಜಿಯಲ್ಲಿ ಬರೆಯಬೇಕಾಗಿ ಬರುತ್ತದೆ.

ಬಾಂಡಿನ ಮೊತ್ತ ಕಡಿಮೆ ಮಾಡಿ ಅಂತ ಬಿಎನ್‌ಎಸ್‌ಎಸ್ 484ನೇ ಕಲಂ ಕೆಳಗೆ ಕೇಳಬಹುದು. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ಇನ್ನೂ ಮುಂದೆ ಹೋಗಿದೆ: ಜಾಮೀನು ಸಿಕ್ಕಿ 7 ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಾದರೂ ಜಾಮೀನುದಾರರು ಸಿಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸಲು ಯೋಚಿಸಬಹುದು. ನಮ್ಮ ಕ್ಲಿನಿಕ್‌ನ ನಿಯಮ ಒಂದೇ. ಜೈಲಿನ ಗೇಟಿನಿಂದ ಹೊರಬಂದು ಮನೆಗೆ ಫೋನ್ ಮಾಡುವವರೆಗೆ ಆ ಫೈಲು ವಿದ್ಯಾರ್ಥಿಯ ಕೈಯಲ್ಲೇ ಇರಬೇಕು.

6. ವಾರಕ್ಕೊಂದು ಸಭೆ, ಮೇಷ್ಟ್ರ ಮೌನ

ಪ್ರತಿ ವಾರ ಎರಡು ಗಂಟೆ ಎಲ್ಲರೂ ಕೂರಬೇಕು. ಪ್ರತಿ ಜೋಡಿಯೂ ತಮ್ಮ ಫೈಲಿನ ಬಗ್ಗೆ ಹೇಳಲಿ: ಈ ವಾರ ಏನಾಯಿತು, ಮುಂದೆ ಏನು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ನಮ್ಮ ಮೇಷ್ಟ್ರುಗಳಿಗೆ ಉತ್ತರ ಹೇಳಿಬಿಡುವ ಅಭ್ಯಾಸ. ಇಲ್ಲಿ ಅದನ್ನು ತಡೆದುಕೊಳ್ಳಬೇಕು. "ಇದಕ್ಕೆ ಯಾವ ಕಾಗದ ಬೇಕು? ಅದು ಯಾರ ಹತ್ತಿರ ಸಿಗುತ್ತೆ?" ಅಂತ ಕೇಳಿ ಸುಮ್ಮನಿರಿ. ಬೆಂಚ್ ಕ್ಲರ್ಕ್ ಹತ್ತಿರ ಕೇಳಬೇಕು ಅಂತ ಅವರೇ ಕಂಡುಕೊಳ್ಳಲಿ.

ಒಂದು ಕಡೆ ಮಾತ್ರ ಸುಮ್ಮನಿರಬೇಡಿ. ತಾರೀಖು ತಪ್ಪುತ್ತಿದೆ, ಅರ್ಜಿಯಲ್ಲಿ ತಪ್ಪು ಹೋಗುತ್ತಿದೆ ಅಂತ ಕಂಡರೆ ಆ ಕ್ಷಣವೇ ಮಧ್ಯೆ ಬನ್ನಿ. ಕರಡು ಮೂರು ಸಲ ತಿದ್ದಿಸಿ, ಆದರೆ ಕೊನೆಯ ಪ್ರತಿ ವಕೀಲರ ಸಹಿ ಇಲ್ಲದೆ ಆಚೆ ಹೋಗಬಾರದು.

ಅಂಕ ಕೊಡುವಾಗ ಜಾಮೀನು ಸಿಕ್ಕಿತಾ ಇಲ್ಲವಾ ಅಂತ ನೋಡಬೇಡಿ. ದಿನಾಂಕದ ಗೆರೆ ಸರಿಯಿದೆಯಾ, ಟಿಪ್ಪಣಿ ಇನ್ನೊಬ್ಬರು ಓದಿ ಕೆಲಸ ಮಾಡುವ ಹಾಗಿದೆಯಾ, ಹೇಳಿದ ದಿನ ಜೈಲಿಗೆ ಹೋದರಾ ಅಂತ ನೋಡಿ.

7. ಮನಸ್ಸಿಗೆ ಭಾರವಾಗುವ ಪ್ರಶ್ನೆಗಳು

"ಸಾರ್, ಇವರು ನಿಜವಾಗಲೂ ಮಾಡಿದ್ದರೆ?" ಈ ಪ್ರಶ್ನೆ ಬಂದೇ ಬರುತ್ತದೆ. ಬಾಯಿ ಮುಚ್ಚಿಸಬೇಡಿ. ಕದ್ದವರಿಗೂ ವಿಚಾರಣೆ ಸರಿಯಾಗಿಯೇ ಆಗಬೇಕು, ಸಾಬೀತು ಮಾಡುವ ಹೊಣೆ ಸರ್ಕಾರದ್ದು ಅನ್ನುವುದನ್ನು ಮಕ್ಕಳು ಪುಸ್ತಕದಲ್ಲಿ ಓದಿರುತ್ತಾರೆ, ನಂಬಿರುವುದಿಲ್ಲ. ನಂಬಲು ಸಮಯ ಬೇಕು. ಮಹಿಳೆಯರ, ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳನ್ನು ಮೊದಲ ವರ್ಷ ತೆಗೆದುಕೊಳ್ಳಬೇಡಿ. ಆಮೇಲೂ ಯಾವ ವಿದ್ಯಾರ್ಥಿಯನ್ನೂ ಒತ್ತಾಯ ಮಾಡಬೇಡಿ.

ಚಿಕ್ಕ ಊರಿನ ಕಾಲೇಜಿನಲ್ಲಿ ದೂರು ಕೊಟ್ಟವರು ವಿದ್ಯಾರ್ಥಿಯ ಸೋದರಮಾವನೇ ಆಗಿರಬಹುದು. ಆದ್ದರಿಂದ ಫೈಲು ಕೊಡುವ ಮೊದಲು ಎರಡೂ ಕಡೆಯ ಹೆಸರು, ಊರು ಓದಿ ಹೇಳಿ ಕೇಳಿ.

ಬಿಡುಗಡೆಯಾದವರ ತಾಯಿ ಸೆರಗಿನ ಗಂಟು ಬಿಚ್ಚಿ ನೂರರ ಎರಡು ನೋಟು ತೆಗೆದು "ಕಾಫಿ ಕುಡಿರಪ್ಪ" ಅಂತ ಕೈಗಿಡುತ್ತಾರೆ. ಬೇಡ ಅನ್ನುವುದು ಆ ವಯಸ್ಸಿನವರಿಗೆ ತುಂಬಾ ಕಷ್ಟ. ಹೇಗೆ ಹೇಳಬೇಕು ಅಂತ ಮೊದಲೇ ಕಲಿಸಿ: "ಅಮ್ಮಾ, ಇದು ಉಚಿತ. ನೀವು ಯಾರಿಗೂ ಕೊಡೋ ಹಾಗಿಲ್ಲ. ಯಾರಾದರೂ ಕೇಳಿದರೆ 15100ಕ್ಕೆ ಫೋನ್ ಮಾಡಿ." ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ.

8. ರಜೆ ಬಂದಾಗ

ನಮ್ಮ ದೊಡ್ಡ ತಪ್ಪು ಆಗಿದ್ದು ಇಲ್ಲೇ. ಪರೀಕ್ಷೆ ಬಂತು, ಮಕ್ಕಳು ಊರಿಗೆ ಹೋದರು. ಒಂದು ಫೈಲಿನಲ್ಲಿ ಷರತ್ತು ಸಡಿಲಿಸುವ ಅರ್ಜಿ ಹಾಕಬೇಕಿತ್ತು. ವಿದ್ಯಾರ್ಥಿಗಳು ಮೇಷ್ಟ್ರು ಹೇಳಿರುತ್ತಾರೆ ಅಂದುಕೊಂಡರು, ನಾನು ಅವರು ವಕೀಲರಿಗೆ ಹೇಳಿ ಹೋಗಿದ್ದಾರೆ ಅಂದುಕೊಂಡೆ. ಜಾಮೀನು ಸಿಕ್ಕಿದ್ದ ಒಬ್ಬರು ಹತ್ತೊಂಬತ್ತು ದಿನ ಸುಮ್ಮನೆ ಒಳಗೆ ಉಳಿದರು. ಆ ಹತ್ತೊಂಬತ್ತು ದಿನವನ್ನು ನಾನು ಮರೆತಿಲ್ಲ.

ಅಂದಿನಿಂದ ಹೀಗೆ ಮಾಡುತ್ತಿದ್ದೇವೆ. ಪರೀಕ್ಷೆಗೆ ಮೂರು ವಾರ ಮೊದಲು ಹೊಸ ಫೈಲು ತೆಗೆದುಕೊಳ್ಳುವುದು ನಿಲ್ಲುತ್ತದೆ. ಇರುವ ಪ್ರತಿ ಫೈಲಿಗೂ ಒಂದು ಪುಟದ ಹಸ್ತಾಂತರ ಟಿಪ್ಪಣಿ ಕನ್ನಡದಲ್ಲಿ ಆಗಬೇಕು: ಯಾವ ಕೋರ್ಟು, ಸಿಎನ್‌ಆರ್ ನಂಬರು (ಇ-ಕೋರ್ಟ್ಸ್‌ನಲ್ಲಿ ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ), ಎಷ್ಟು ದಿನದಿಂದ ಒಳಗಿದ್ದಾರೆ, ಆಗಿರುವ ಕೆಲಸ, ಆಗಬೇಕಾದ ಕೆಲಸ, ಮನೆಯವರ ಫೋನ್. ಕೊಡುವ ವಿದ್ಯಾರ್ಥಿ, ತೆಗೆದುಕೊಳ್ಳುವ ವಿದ್ಯಾರ್ಥಿ ಇಬ್ಬರೂ ವಕೀಲರ ಎದುರು ಸಹಿ ಹಾಕುತ್ತಾರೆ. ಆಮೇಲೆ ಇಬ್ಬರೂ ಒಟ್ಟಿಗೆ ಜೈಲಿಗೆ ಹೋಗುತ್ತಾರೆ. ಹಳಬರು ಹೊಸಬರನ್ನು ಪರಿಚಯ ಮಾಡಿಸಿ, "ಅಣ್ಣ, ಇನ್ಮೇಲೆ ಇವರು ಬರ್ತಾರೆ" ಅಂತ ಹೇಳಿ, ಮುಂದಿನ ತಾರೀಖು ಬರೆದ ಚೀಟಿಯನ್ನು ಅವರ ಕೈಗೆ ಕೊಟ್ಟು ಬರಬೇಕು.